ಸಹಾಯ ಬೇಕು: ‘ಅಸ್ಟ್ರೊನಾಟ್’ಗೆ ಹಳೇ ಕನ್ನಡ ಪತ್ರಿಕೆಗಳಲ್ಲಿ ಏನು ಬರೆಯುತ್ತಿದ್ದರು?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳ ಜೊತೆ ಬಾಹ್ಯಾಕಾಶದ ಬಗ್ಗೆ ಗೋಡೆ ಪತ್ರಿಕೆ ಮಾಡುತ್ತಿದ್ದೇನೆ. ‘ಅಸ್ಟ್ರೊನಾಟ್’ ಪದದ ಹತ್ತಿರ ಬಂದು ನಿಂತಿದ್ದೇವೆ. ಗ್ರೀಕಿನಲ್ಲಿ ‘ಆಸ್ಟ್ರೋನ್’ ಅಂದರೆ ನಕ್ಷತ್ರ, ‘ನಾಟೆಸ್’ ಅಂದರೆ ನಾವಿಕ. ಇದನ್ನು ಹೇಳಿದ ಕೂಡಲೇ ಬೈತಖೋಲದ ಬೋಟಿನವರ ಮಗನೊಬ್ಬ ಎದ್ದು ನಿಂತು, ‘ಹಾಗಾದ್ರೆ ಅಲ್ಲೂ ತಾಂಡೇಲ ಇರ್ತಾನಾ ಸರ್?’ ಅಂತ ಕೇಳಿದ. ತಾಂಡೇಲ ಅಂದರೆ ಬೋಟಿನ ಮುಖ್ಯಸ್ಥ. ಇರುತ್ತಾನೆ, ಕಮಾಂಡರ್ ಅಂತ!

ಬಲೂನಿನಲ್ಲಿ ಹಾರುವವರಿಗೆ 18ನೇ ಶತಮಾನದಲ್ಲೇ ‘ಏರೊನಾಟ್’ ಎಂಬ ಹೆಸರಿತ್ತು, ಅದೇ ಜಾಡಿನಲ್ಲಿ ಇದೂ ಬಂತು, 1959ರಲ್ಲಿ ನಾಸಾ ತನ್ನ ಮೊದಲ ಏಳು ಜನರನ್ನು ಆರಿಸಿದಾಗ ಅವರನ್ನು ಹೀಗೇ ಕರೆಯಿತು. ರಷ್ಯಾದವರದು ‘ಕಾಸ್ಮೊನಾಟ್’, ಅಲ್ಲೂ ನಾವಿಕ ಇದ್ದಾನೆ. ನಾವು ಗಗನಯಾತ್ರಿ ಅನ್ನುತ್ತೇವೆ. ಚೆಂದದ ಪದವೇ, ಆದರೆ ಸಮುದ್ರದ ನಂಟು ಹೋಯಿತು ಅಲ್ವಾ?

ಗಗಾರಿನ್ ಹೋದ 1961ರ ಏಪ್ರಿಲ್ ಅಥವಾ ರಾಕೇಶ್ ಶರ್ಮಾ ಹೋದ 1984ರ ಏಪ್ರಿಲ್ ತಿಂಗಳ ಕನ್ನಡ ಪತ್ರಿಕೆ ಯಾರ ಮನೆ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಸುದ್ದಿಯ ಫೋಟೊ ಹಾಕಿ. ದಿನಾಂಕ ಕಾಣುವಂತೆ ತೆಗೆಯಿರಿ. ನಾವಿಕನನ್ನು ಉಳಿಸಿಕೊಂಡ ಕನ್ನಡ ಪದ ಯಾರಾದರೂ ಬಳಸಿದ್ದನ್ನು ಓದಿದ್ದರೆ ಅದನ್ನೂ ಬರೆಯಿರಿ, ಮಕ್ಕಳು ಕಾಯುತ್ತಿದ್ದಾರೆ.