3 ತಿಂಗಳಿಗೆ 40 ಸೆಕೆಂಡ್ ಚಿತ್ರ ಆಯ್ತು, ಈಗ ಬಾಯಿ ಒಂದು ಕಡೆ ಮಾತು ಒಂದು ಕಡೆ. ಅನಿಮೇಷನ್ ಮಾಡಿದವರು ಹೇಳಿ

ಹೊಲದದಾರಿ:
ಎಲ್ಲರಿಗೂ ನಮಸ್ಕಾರ. ಕೆಲಸದಿಂದ ಬಂದ ಮೇಲೆ ರಾತ್ರಿ ಕೂತು ಒಂದು ಸಣ್ಣ ಅನಿಮೇಷನ್ ಚಿತ್ರ ಮಾಡುತ್ತಿದ್ದೇನೆ. ಕಥೆ ಇಷ್ಟೇ. ನಮ್ಮೂರಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ. ಅಪ್ಪ, ಮಗ ಟಾರ್ಚ್ ಹಿಡಿದು ಹೊಲಕ್ಕೆ ಹೋಗುತ್ತಾರೆ, ಮೋಟರ್ ಹಾಕುತ್ತಾರೆ, ನೀರಿಗೆ ಕಾಯುತ್ತಾರೆ. 4 ನಿಮಿಷದ ಚಿತ್ರ ಅಂದುಕೊಂಡಿದ್ದೇನೆ.

ಕ್ರಿತಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಒಂದೊಂದೇ ಚಿತ್ರ ಕೈಯಲ್ಲಿ ಬರೆಯುತ್ತೇನೆ. ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರ 2 ಫ್ರೇಮ್ ನಿಲ್ಲುತ್ತದೆ, ಅಂದರೆ ಸೆಕೆಂಡಿಗೆ 12 ಚಿತ್ರ. ಮೊದಲಿಗೆ ಫೋನಲ್ಲಿ ನನ್ನ ದನಿಯಲ್ಲೇ ಮಾತು ಹೇಳಿಕೊಂಡು ಅದಕ್ಕೆ ತಕ್ಕ ಹಾಗೆ ತುಟಿ ಬರೆದೆ. 40 ಸೆಕೆಂಡ್ ಮುಗಿಯಿತು. ಫ್ರೇಮ್‌ಗಳನ್ನೆಲ್ಲ ಎಡಿಟಿಂಗ್‌ಗೆ ಹಾಕಿ ನೋಡಿದರೆ ಶುರುವಿನಲ್ಲಿ ಸರಿ ಇದೆ, ಕೊನೆಗೆ ಬರುವಷ್ಟರಲ್ಲಿ ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತದೆ. ಇದರ ಮೇಲೆ ಅಪ್ಪನ ಪಾತ್ರಕ್ಕೆ ಚಿಕ್ಕಪ್ಪನ ಹತ್ತಿರ ಮಾತು ಹೇಳಿಸಿದೆ. ಅವರು ನನಗಿಂತ ನಿಧಾನ. ಈಗ ಯಾವುದೂ ಯಾವುದಕ್ಕೂ ಕೂಡುತ್ತಿಲ್ಲ. ಬರೆದದ್ದೆಲ್ಲ ಬಿಸಾಕಬೇಕಾ?

ಪೆನ್ಸಿಲ್‌ಮೊನೆ:
ಬಿಸಾಕಬೇಡಿ, ತಡೆಯಿರಿ. ಕೊನೆಯಲ್ಲಿ ಸುಮಾರು ಒಂದೂವರೆ ಸೆಕೆಂಡ್ ವ್ಯತ್ಯಾಸ ಬರುತ್ತಿದೆಯಾ? ಹಾಗಿದ್ದರೆ ನಿಮ್ಮ ಎಡಿಟಿಂಗ್ ಪ್ರಾಜೆಕ್ಟ್ 25 ಫ್ರೇಮ್‌ಗೆ ಇದೆ ಅಂತ ನನ್ನ ಅನುಮಾನ. ಲೆಕ್ಕ ನೋಡಿ. 40 ಸೆಕೆಂಡ್ ಅಂದರೆ 960 ಫ್ರೇಮ್. ಅದನ್ನೇ 25ರ ವೇಗದಲ್ಲಿ ಓಡಿಸಿದರೆ 38.4 ಸೆಕೆಂಡಿಗೆ ಮುಗಿದುಹೋಗುತ್ತದೆ. ಚಿತ್ರ 1.6 ಸೆಕೆಂಡ್ ಮುಂದೆ ಓಡಿತು, ಮಾತು ತನ್ನ ಪಾಡಿಗೆ ಬಂತು. 24ಕ್ಕೆ ಹೊಸ ಪ್ರಾಜೆಕ್ಟ್ ಮಾಡಿ ಎಲ್ಲ ಮತ್ತೆ ಎಳೆದು ಹಾಕಿ, ಸರಿಹೋಗುತ್ತದೆ. ಇದು ನನಗೂ ಆಗಿದೆ. ಒಂದು ವಾರ ತುಟಿಗಳನ್ನೇ ತಿದ್ದಿದ್ದೆ, ಪೆದ್ದು ಕೆಲಸ.

ಚಿಕ್ಕಪ್ಪನ ವಿಷಯಕ್ಕೆ ಅಷ್ಟು ಸುಲಭದ ಉಪಾಯ ಇಲ್ಲ. ಯಾರ ದನಿ ಕೊನೆಗೆ ಉಳಿಯುತ್ತದೋ ಅದು ಮೊದಲು ಬರಬೇಕು, ತುಟಿ ಆಮೇಲೆ. ಆದರೆ ಪೂರ್ತಿ ಮುಖ ಮತ್ತೆ ಬರೆಯುವುದು ಬೇಡ. ಬಾಯಿಯನ್ನು ಬೇರೆ ಲೇಯರ್‌ಗೆ ತನ್ನಿ. ‘ನೀರು ಬಂತಾ?’ ಅಂತ ಒಂದು ಮಾತಿದೆ ಅಂತಿಟ್ಟುಕೊಳ್ಳಿ. ಕನ್ನಡಿ ಮುಂದೆ ನಿಂತು ಹೇಳಿ ನೋಡಿ. ‘ನೀ’ಗೆ ತುಟಿ ಅಗಲ, ‘ರು’ಗೆ ಗುಂಡಗೆ, ‘ಬಂ’ ಅನ್ನುವ ಮೊದಲು ಮುಚ್ಚಲೇಬೇಕು, ‘ತಾ’ಗೆ ತೆರೆದ ಬಾಯಿ. ನಾಲ್ಕೇ ಆಕಾರ. ಪ, ಬ, ಮ ಬಂದ ಕಡೆ ತುಟಿ ಮುಚ್ಚಿದರೆ ಸಾಕು, ಉಳಿದ ಕಡೆ ಒಂದಿಷ್ಟು ತಪ್ಪಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಮುಚ್ಚುವುದು ದನಿಗಿಂತ ಒಂದೆರಡು ಫ್ರೇಮ್ ಮೊದಲೇ ಇರಲಿ, ಆಗ ಸಹಜವಾಗಿ ಕಾಣುತ್ತದೆ.

ಒಂದು ಕೇಳುತ್ತೇನೆ, ಬೇಜಾರಾಗಬೇಡಿ. ಅನಿಮ್ಯಾಟಿಕ್, ಅಂದರೆ ಗೀಚು ಚಿತ್ರಗಳನ್ನು ದನಿಯ ಜೊತೆ ಓಡಿಸಿ ನೋಡುವ ಕಚ್ಚಾ ಚಿತ್ರ, ಮಾಡಿದ್ದೀರಾ?

ಹೊಲದದಾರಿ:
ಹೌದು, 25 ಇತ್ತು! ಮೊದಲೇ ನೋಡಬೇಕಿತ್ತು, ಥ್ಯಾಂಕ್ಸ್. ಅನಿಮ್ಯಾಟಿಕ್ ಮಾಡಿಲ್ಲ. ಕಥೆಯನ್ನು ಚೌಕ ಚೌಕವಾಗಿ ಬರೆದ ಸ್ಟೋರಿಬೋರ್ಡ್ ನೋಟ್‌ಬುಕ್‌ನಲ್ಲಿ ಇದೆ, ಅದೇ ಸಾಕು ಅಂದುಕೊಂಡಿದ್ದೆ.

ಪೆನ್ಸಿಲ್‌ಮೊನೆ:
ಅದೇ ನೋಡಿ ನಿಮ್ಮ ನಿಜವಾದ ತೊಂದರೆ. ನೋಟ್‌ಬುಕ್‌ನಲ್ಲಿ ಚಿತ್ರ ಇರುತ್ತದೆ, ಹೊತ್ತು ಇರುವುದಿಲ್ಲ. ಆ ಚೌಕಗಳ ಫೋಟೋ ತೆಗೆದು, ಚಿಕ್ಕಪ್ಪನ ದನಿ ಹಾಕಿ, ಪ್ರತಿ ಶಾಟ್ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ನಿಲ್ಲಿಸಿ ಪೂರ್ತಿ ಚಿತ್ರ ಒಂದು ಸಲ ಓಡಿಸಿ. ಗೀಚಿದ ಚಿತ್ರ ಸಾಕು, ಕಡ್ಡಿ ಮನುಷ್ಯರಾದರೂ ನಡೆಯುತ್ತದೆ. ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಅವರು ಎಲ್ಲಿ ಫೋನ್ ತೆಗೆದು ನೋಡುತ್ತಾರೋ ಅಲ್ಲಿ ಕತ್ತರಿ ಹಾಕಿ. ಈಗಿನ ವೇಗದಲ್ಲಿ 4 ನಿಮಿಷ ಅಂದರೆ ನಿಮಗೆ ಒಂದೂವರೆ ವರ್ಷ ಬೇಕು, 2,880 ಚಿತ್ರ. ಅದರಲ್ಲಿ ಒಂದು ನಿಮಿಷ ಅನಿಮ್ಯಾಟಿಕ್‌ನಲ್ಲೇ ಹೋದರೆ 720 ಚಿತ್ರ ಬರೆಯುವುದು ತಪ್ಪಿತು. ಬರೆದ ಮೇಲೆ ಕತ್ತರಿಸೋಕೆ ಮನಸ್ಸು ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ಅರ್ಧಚಹಾ:
ಇದೆಲ್ಲ ದೊಡ್ಡ ಸ್ಟುಡಿಯೋ ಕಟ್ಟಳೆ ಗುರು. ‘ಫ್ಲೋ’ ಸ್ಟೋರಿಬೋರ್ಡ್ ಇಲ್ಲದೆಯೇ ಮಾಡಿದ ಚಿತ್ರ. ಲಾಟ್ವಿಯಾದ್ದು, ಸಾಫ್ಟ್‌ವೇರ್ ಉಚಿತವಾಗಿ ಸಿಗುವ ಬ್ಲೆಂಡರ್, 2025ರಲ್ಲಿ ಆಸ್ಕರ್ ಬಂತು. ಸುಮ್ನೆ ಬರೀತಾ ಹೋಗಲಿ ಬಿಡಿ.

ಪೆನ್ಸಿಲ್‌ಮೊನೆ:
ಆ ಚಿತ್ರದಲ್ಲಿ ಮಾತೇ ಇಲ್ಲ, ತುಟಿಯ ಗೋಳೂ ಇಲ್ಲ. ಮತ್ತೆ ಅದು 3ಡಿ. ಜಾಗ ಕಟ್ಟಿಕೊಂಡು ಕ್ಯಾಮೆರಾವನ್ನು ಅಲ್ಲಿಲ್ಲಿ ಓಡಾಡಿಸಿ ನೋಡಬಹುದು. ಕೈಯಲ್ಲಿ ಬರೆಯುವವರು ಕ್ಯಾಮೆರಾ ಆ ಕಡೆಯಿಂದ ಇಡೋಣ ಅಂದರೆ ಮತ್ತೆ ಮೊದಲಿಂದ ಬರೆಯಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅರ್ಧಚಹಾ:
ಸರಿ, ಅದು ಒಪ್ಪಿದೆ.

ಬೊಂಬೆಮನೆ:
ತಡವಾಗಿ ಬಂದೆ. ನನಗೆ ಕಾಣುವುದು ಬೇರೆ. ನಿಮ್ಮ ಕಥೆ ರಾತ್ರಿಯದ್ದು, ಕತ್ತಲು ನಿಮಗೆ ಪುಕ್ಕಟೆ ಸಿಕ್ಕಿದೆ, ಅದನ್ನು ಯಾಕೆ ಬಳಸುತ್ತಿಲ್ಲ? ಟಾರ್ಚ್ ಬೆಳಕಿನ ಸುತ್ತು ಎಲ್ಲಿ ಬೀಳುತ್ತದೋ ಅಷ್ಟು ಮಾತ್ರ ಬರೆಯಿರಿ. ಬದುವಿನ ಹುಲ್ಲು, ಚಪ್ಪಲಿ, ಪೈಪಿನ ತುದಿ. ಅಪ್ಪನ ಮುಖ ಯಾಕೆ ಬೇಕು? ಟಾರ್ಚ್ ಹಿಡಿದವನ ಮುಖ ಕತ್ತಲಲ್ಲೇ ಇರುತ್ತದೆ ಅಲ್ವಾ? ಅರ್ಧ ಮಾತಿಗೆ ತುಟಿಯೇ ಬೇಡವಾಗುತ್ತದೆ, ಚಿಕ್ಕಪ್ಪ ಎಷ್ಟು ನಿಧಾನ ಹೇಳಿದರೂ ಸರಿ.

ದೂರದ ಶಾಟ್‌ಗಳಿಗೆ ನೆರಳು ಬೊಂಬೆ ಮಾಡಿ. ಲೊಟೆ ರೈನಿಗರ್ 1926ರಲ್ಲೇ ಜರ್ಮನಿಯಲ್ಲಿ ಇಡೀ ಒಂದು ಚಿತ್ರ ಹೀಗೆ ಮಾಡಿದ್ದರು. ಕಪ್ಪು ರಟ್ಟು ಕತ್ತರಿಸಿ, ಕೀಲಿಗೆ ತಂತಿ ಕಟ್ಟಿ, ಗಾಜಿನ ಮೇಲಿಟ್ಟು ಕೆಳಗಿಂದ ಬೆಳಕು ಬಿಟ್ಟು, ಒಂದೊಂದೇ ಫ್ರೇಮ್ ತೆಗೆದರು. ನಮ್ಮ ತೊಗಲು ಗೊಂಬೆಗೂ ಕೀಲುಗಳಿವೆ, ಆದರೆ ಅದರ ನೆರಳಿಗೆ ಬಣ್ಣ ಇರುತ್ತದೆ. ಫೋನಲ್ಲೇ ತೆಗೆಯಬಹುದು. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಮೂರೂ ಲಾಕ್ ಮಾಡಿ. ಇಲ್ಲದಿದ್ದರೆ ಒಂದೊಂದು ಫ್ರೇಮ್‌ಗೆ ಒಂದೊಂದು ಬಣ್ಣ ಬಂದು ಚಿತ್ರ ಮಿಣಮಿಣ ಅನ್ನುತ್ತದೆ. ಕಿಟಕಿ ಪಕ್ಕ ಮಾತ್ರ ಬೇಡ. ನಾನು ಹಗಲಲ್ಲಿ ಕಿಟಕಿ ಪಕ್ಕ ಮಾಡಿದ್ದೆ, ಮೋಡ ಹಾದುಹೋದಾಗೆಲ್ಲ ನನ್ನ ಬೊಂಬೆಗೆ ಸಂಜೆ ಆಗುತ್ತಿತ್ತು.

ಹೊಲದದಾರಿ:
ಹತ್ತು ದಿನ ಬಿಟ್ಟು ಬರುತ್ತಿದ್ದೇನೆ. ಅನಿಮ್ಯಾಟಿಕ್ ಆಯಿತು. ನಮ್ಮ ಅಕ್ಕನಿಗೆ ತೋರಿಸಿದೆ. ಮನೆಯಿಂದ ಹೊಲದವರೆಗೆ ನಡೆಯುವ 50 ಸೆಕೆಂಡ್‌ನಲ್ಲಿ ಅವಳು ಎದ್ದು ಹೋಗಿ ಕುಕ್ಕರ್ ಆಫ್ ಮಾಡಿ ಬಂದಳು. ಅದು 12 ಸೆಕೆಂಡ್ ಆಗಿದೆ. ಒಟ್ಟು ಈಗ 2 ನಿಮಿಷ 20 ಸೆಕೆಂಡ್. ಬರೆದ 40ರಲ್ಲಿ 22 ಸೆಕೆಂಡ್ ಉಳಿಯಿತು. ಹೊಟ್ಟೆ ಉರಿಯಿತು, ಆದರೂ ಸರಿ.

ಟಾರ್ಚ್ ಉಪಾಯ ಹಾಗೇ ತಗೊಂಡೆ. ಅಪ್ಪನ ಮುಖ ಒಂದೇ ಸಲ ಬರುತ್ತದೆ, ಸ್ಟಾರ್ಟರ್ ಡಬ್ಬಿಯ ಸಣ್ಣ ಕೆಂಪು ದೀಪದ ಬೆಳಕಿನಲ್ಲಿ. ನೀರು ಬರುವ ಶಾಟ್ ಮಾತ್ರ ಪೂರ್ತಿ ಕೈಯಲ್ಲೇ ಬರೆಯುತ್ತೇನೆ. ಪೈಪ್ ಮೊದಲು ಕೆಮ್ಮಿದ ಹಾಗೆ ಗಾಳಿ ಉಗುಳುತ್ತದೆ, ಆಮೇಲೆ ಕೆಂಪು ನೀರು ಒಂದಿಷ್ಟು, ಮತ್ತೆ ಸುಮ್ಮನಾಗುತ್ತದೆ, ಆಮೇಲೆ ಒಮ್ಮೆಗೇ ಧೋ ಅಂತ. ಆ ಸದ್ದಿಗೆ ನೆಟ್‌ನಲ್ಲಿ ಸಿಕ್ಕಿದ್ದೆಲ್ಲ ನಲ್ಲಿ ನೀರಿನ ಸದ್ದು, ಒಂದೂ ಸರಿಹೊಂದಲಿಲ್ಲ. ಈ ವಾರ ಊರಲ್ಲಿದ್ದೇನೆ. ಇವತ್ತು ಕರೆಂಟ್ 1 ಗಂಟೆಗಂತೆ. ಚಿಕ್ಕಪ್ಪ ಮಲಗಿದ್ದಾರೆ, ಎಬ್ಬಿಸಬೇಕು.