ಕೌದಿಯ ಪದರಗಳಿಗೆ ಸ್ಪ್ರೇ ಅಂಟು: ಸೂಜಿ, ಸೆರಗು, ನೆಲದ ಮೇಲಿನ ಜಿಗುಟನ್ನು ತೆಗೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತೀರಿಹೋದ ನಮ್ಮ ಅಜ್ಜಿಯ ಮೂರು ಇಳಕಲ್ ಸೀರೆಗಳ ತುಣುಕುಗಳನ್ನು ಜೋಡಿಸಿ, ನಡುವೆ ತೆಳುವಾದ ಹತ್ತಿಯ ಹಾಸು ಇಟ್ಟು, ಮಗಳಿಗಾಗಿ ಒಂದು ಕೌದಿ ಹೊಲಿಯುತ್ತಿದ್ದೇನೆ. ಪದರಗಳು ಸರಿದಾಡದಿರಲೆಂದು ಕಚ್ಚಾ ಹೊಲಿಗೆಯ ಬದಲು ಸ್ಪ್ರೇ ಅಂಟನ್ನು ಬಳಸಿದೆ. ಸೋಫಾ ಕೆಲಸದ ಸಾಮಾನು ಮಾರುವ ಅಂಗಡಿಯಿಂದ ತಂದ ಡಬ್ಬಿ ಅದು. ಅರ್ಧ ಕೌದಿಗೆ ಅಂಟು ಹೊಡೆದು ಯಂತ್ರದ ಮುಂದೆ ಕುಳಿತರೆ, ಒಂದು ಮೊಳ ಹೊಲಿಯುವಷ್ಟರಲ್ಲಿ ಸೂಜಿಯ ಕಣ್ಣಿನ ಬಳಿ ಬೂದು ಬಣ್ಣದ ಜಿಗುಟು ಉಂಡೆಗಟ್ಟುತ್ತದೆ, ಹೊಲಿಗೆ ಅಲ್ಲಲ್ಲಿ ತಪ್ಪುತ್ತದೆ, ಕೊನೆಗೆ ದಾರವೇ ಹರಿಯುತ್ತದೆ. ಕೆಂಪು ರೇಷ್ಮೆ ಸೆರಗಿನ ಮೇಲೆ ರೂಪಾಯಿ ಅಗಲದ ಎರಡು ಕಲೆಗಳಾಗಿವೆ. ಪಡಸಾಲೆಯ ಕೆಂಪು ಗಾರೆ ನೆಲವಂತೂ ಕಾಲಿಟ್ಟಲ್ಲೆಲ್ಲ ಅಂಟುತ್ತದೆ. ಅಜ್ಜಿಯ ಸೀರೆ ಹಾಳಾಗದಂತೆ ಇದನ್ನು ಹೇಗೆ ಸರಿಪಡಿಸಬಹುದು?

ಮೊದಲ ಉತ್ತರ

ಮೊದಲಿಗೆ, ಇಸ್ತ್ರಿ ಪೆಟ್ಟಿಗೆಯನ್ನು ಅದರ ಹತ್ತಿರ ತರಬೇಡಿ. ಬಿಸಿ ತಾಗಿದರೆ ಅಂಟು ಮೆತ್ತಗಾಗಿ ನೂಲಿನೊಳಕ್ಕೆ ಇಳಿದುಬಿಡುತ್ತದೆ, ಆಮೇಲೆ ಏನು ಮಾಡಿದರೂ ಬರುವುದಿಲ್ಲ.

ತೊಂದರೆಯ ಮೂಲ ಆ ಡಬ್ಬಿಯಲ್ಲೇ ಇದೆ. ಸೋಫಾದ ಫೋಮ್ ಅಂಟಿಸುವುದು ಕಾಯಂ ಅಂಟು, ಅದು ನೀರಿಗೆ ಕರಗುವುದಿಲ್ಲ. ಕ್ವಿಲ್ಟ್ ಹೊಲಿಯುವವರು ಬಳಸುವುದು ಬಟ್ಟೆಗೆಂದೇ ತಯಾರಿಸಿದ ತಾತ್ಕಾಲಿಕ ಅಂಟು. ಅದನ್ನು ಬಿಡಿಸಿ ಮತ್ತೆ ಅಂಟಿಸಬಹುದು, ಒಗೆದರೆ ಹೋಗುತ್ತದೆ. ಅದನ್ನೂ ಸೀರೆಯ ಮೇಲೆ ಹೊಡೆಯದೆ, ಹತ್ತಿಯ ಹಾಸಿನ ಮೇಲೆ 20ರಿಂದ 25 ಸೆಂಟಿಮೀಟರ್ ದೂರದಿಂದ, ಇಬ್ಬನಿ ಬಿದ್ದಷ್ಟು ತೆಳುವಾಗಿ ಹೊಡೆಯಬೇಕು. ಸುತ್ತ ಹಳೆಯ ಹಾಸಿಗೆ ಬಟ್ಟೆಯನ್ನೋ ಪತ್ರಿಕೆಯನ್ನೋ ಹರಡಿ, ಕಿಟಕಿ ತೆರೆದಿಡಿ. ಡಬ್ಬಿಯೊಳಗಿನ ಅನಿಲ ಬೇಗ ಹೊತ್ತಿಕೊಳ್ಳುವಂಥದ್ದು, ಆದ್ದರಿಂದ ಒಲೆಯಿರಲಿ, ದೇವರ ಮುಂದಿನ ದೀಪವೂ ಆ ಹೊತ್ತಿಗೆ ಉರಿಯುತ್ತಿರಬಾರದು.

ಸೂಜಿಯನ್ನು ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಆಗಾಗ ಒರೆಸಿ. ಒರೆಸುವಾಗ ಯಂತ್ರ ನಿಂತಿರಲಿ, ಕಾಲು ಪೆಡಲ್ ಮೇಲೆ ಇರದಿರಲಿ. 14ರ ಸೂಜಿ ಇದ್ದರೆ 16ಕ್ಕೆ ಬದಲಾಯಿಸಿ. ರಂಧ್ರ ಸ್ವಲ್ಪ ದೊಡ್ಡದಾದರೆ ದಾರದ ಉಜ್ಜಾಟ ಕಡಿಮೆಯಾಗುತ್ತದೆ. ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸ್ ಬಿಚ್ಚಿ ನೋಡಿ, ಒಳಗೆ ನೂಲಿನ ಧೂಳು ಅಂಟಿಗೆ ಸಿಕ್ಕಿ ಕಂಬಳಿಯಂತೆ ಕುಳಿತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಅದನ್ನು ತೆಗೆದು, ಒಣಗಿದ ಮೇಲೆ ಒಂದು ಹನಿ ಮಷಿನ್ ಎಣ್ಣೆ ಬಿಡಿ. ನಿಮ್ಮದು ಚಿನ್ನದ ಬಣ್ಣದ ಚಿತ್ತಾರವಿರುವ ಹಳೆಯ ಕಪ್ಪು ಯಂತ್ರವಾದರೆ ಅದರ ಮೈಗೆ ಸ್ಪಿರಿಟ್ ತಾಗಿಸಬೇಡಿ. ಆ ಚಿತ್ತಾರದ ಮೇಲಿರುವ ಅರಗಿನ ಲೇಪವನ್ನು ಸ್ಪಿರಿಟ್ ಕರಗಿಸುತ್ತದೆ.

ನೆಲಕ್ಕೆ ಕೊಬ್ಬರಿ ಎಣ್ಣೆ ಸಾಕು. ಗಾರೆ ನೆಲಕ್ಕೆ ಎಣ್ಣೆ ಹೊಸದೇನಲ್ಲ. ಸವರಿ ಕಾಲು ಗಂಟೆ ಬಿಟ್ಟು ಒರಟು ಬಟ್ಟೆಯಿಂದ ಉಜ್ಜಿ, ನಂತರ ಸೋಪಿನ ನೀರಿನಿಂದ ಒರೆಸಿ, ಇಲ್ಲವಾದರೆ ಕಾಲು ಜಾರುತ್ತದೆ. ಈ ಎಣ್ಣೆಯನ್ನು ಬಟ್ಟೆಗೆ ಮಾತ್ರ ಹಚ್ಚಬೇಡಿ.

ಎರಡನೆಯ ಉತ್ತರ

ಸೆರಗಿನ ಕಲೆಯ ಬಗ್ಗೆ ಹೇಳುತ್ತೇನೆ, ತಂಗಿ. ಇಳಕಲ್‌ನ ಕೆಂಪು ಬಣ್ಣ ಸ್ಪಿರಿಟ್ ತಾಗಿದರೆ ಬಿಡುವ ಸಂಭವವಿದೆ. ಮೊದಲು ಮಿಕ್ಕ ಚೂರೊಂದರ ಮೇಲೆ ಒಂದು ಹನಿ ಹಾಕಿ, ಬಿಳಿಯ ಬಟ್ಟೆಯಿಂದ ಒತ್ತಿ ನೋಡು. ಬಣ್ಣ ಹತ್ತದಿದ್ದರೆ ಮಾತ್ರ, ಹತ್ತಿಯ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಕಲೆಯ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತ ಬಾ. ಉಜ್ಜಬಾರದು, ಹಳೆಯ ರೇಷ್ಮೆಯ ಎಳೆ ಏಳುತ್ತದೆ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡವೇ ಬೇಡ. ಅಂಟಿಕೊಂಡ ಪದರಗಳನ್ನು ಎಳೆದು ಬಿಡಿಸಲೂ ಹೋಗಬೇಡ, ಅಂಟಿಗಿಂತ ಮೊದಲು ಸೀರೆ ಹರಿಯುತ್ತದೆ.

ಉಳಿದ ಅರ್ಧಕ್ಕೆ ಕಚ್ಚಾ ಹೊಲಿಗೆಯನ್ನೇ ಹಾಕು. ಚಾಪೆಯ ಮೇಲೆ ಪದರಗಳನ್ನು ಹಾಸಿ, ಮೂಲೆಗಳಿಗೆ ಭಾರ ಇಟ್ಟು, ನಡುವಿನಿಂದ ಹೊರಕ್ಕೆ ಅಂಗೈ ಅಗಲಕ್ಕೊಂದರಂತೆ ಉದ್ದುದ್ದ ಎಳೆ ಹಾಕಿದರೆ ಒಂದು ಮಧ್ಯಾಹ್ನದ ಕೆಲಸ. ಎಳೆ ಬಿಳಿಯದಾಗಿರಲಿ, ಬಣ್ಣದ ದಾರ ಒಗೆದಾಗ ಬಣ್ಣ ಬಿಟ್ಟೀತು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಕವಂದಿ ಎಂಬ ತಮ್ಮ ಕೌದಿ ಹೊಲಿಯುವಾಗ ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೈಹೊಲಿಗೆಗೆ ಆ ಕ್ರಮವೂ ಚೆನ್ನಾಗಿ ಒಗ್ಗುತ್ತದೆ. ಮೊಮ್ಮಗಳ ಮಗಳು ಹೊದೆಯುವ ಕೌದಿ ಇದು, ಅವಸರ ಬೇಡ.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೆಲದ ಜಿಗುಟು ಎರಡನೆಯ ಸಲ ಎಣ್ಣೆ ಸವರಿದಾಗ ಪೂರ್ತಿ ಹೋಯಿತು. ಬಾಬಿನ್ ಕೇಸಿನಿಂದ ಉಗುರಿನಷ್ಟು ದಪ್ಪದ ಧೂಳಿನ ಪಟ್ಟಿ ಹೊರಬಂದಿತು. ಹೊಸ ಸೂಜಿ ಹಾಕಿ ಎರಡೆರಡು ಸಾಲಿಗೊಮ್ಮೆ ಒರೆಸುತ್ತಿರುವುದರಿಂದ ದಾರ ಹರಿಯುವುದು ನಿಂತಿದೆ. ಸೆರಗಿನ ಒಂದು ಕಲೆ ಹೋಯಿತು. ಇನ್ನೊಂದರ ನಡುವೆ ಮಸುಕು ಗುರುತು ಉಳಿದಿದೆ, ಒತ್ತುವಾಗ ಬಿಳಿಯ ಬಟ್ಟೆಗೆ ನಸುಗೆಂಪು ಹತ್ತತೊಡಗಿದ್ದರಿಂದ ಅಲ್ಲಿಗೇ ಕೈಬಿಟ್ಟೆ. ಅದರ ಮೇಲೆ ಅದೇ ಸೀರೆಯ ಅಂಚಿನ ಚೂರನ್ನು ತ್ರಿಕೋನವಾಗಿ ಮಡಿಸಿ ಹೊಲಿಯಲಿದ್ದೇನೆ. ಉಳಿದರ್ಧಕ್ಕೆ ನಿನ್ನೆಯಿಂದ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕುತ್ತಿದ್ದೇನೆ. ಮಗಳು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಾಳೆ.