ಅರಿಜೋನಾದಲ್ಲಿ 5 ಎಕರೆ ಸಿಗ್ತಿದೆ, ತಗೊಳ್ಳಬಹುದಾ? ಚಿಕ್ಕ ಮಕ್ಕಳಿದ್ದಾರೆ

ತಿಪಟೂರು ಸೊಸೆ:
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುತ್ತಿರುವುದು ಇದೇ ಮೊದಲು. ನಾವು ಆರೆಗಾನ್‌ನ ಹಿಲ್ಸ್‌ಬರೋದಲ್ಲಿದ್ದೇವೆ. ನಮ್ಮೆಜಮಾನರಿಗೆ ಫೀನಿಕ್ಸ್‌ಗೆ ವರ್ಗ ಆಗಿದೆ, ಜೂನ್ ಹೊತ್ತಿಗೆ ಹೋಗಬೇಕು. ಮಗಳಿಗೆ 9, ಮಗನಿಗೆ 4. ಫೀನಿಕ್ಸ್ ಪಕ್ಕದ ಚಾಂಡ್ಲರ್, ಗಿಲ್ಬರ್ಟ್ ಕಡೆ ಮನೆ ಬೆಲೆ ನೋಡಿ ತಲೆ ತಿರುಗಿತು. ಅಷ್ಟರಲ್ಲಿ ಇವರಿಗೆ ಟೋನೋಪಾ ಹತ್ತಿರ 5 ಎಕರೆ ಜಾಗದ ಜಾಹೀರಾತು ಸಿಕ್ಕಿದೆ. ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 50 ಮೈಲಿ. ಒಂದು ಒಳ್ಳೇ ಕಾರಿಗೆ ಕೊಡುವಷ್ಟೇ ದುಡ್ಡು. ಮಾಲೀಕನೇ ಕಂತು ಕಟ್ಟಿಸಿಕೊಳ್ಳುತ್ತಾನಂತೆ, ಬ್ಯಾಂಕ್ ಸಾಲ ಬೇಡ, ಕ್ರೆಡಿಟ್ ಸ್ಕೋರ್ ಕೂಡ ಕೇಳಲ್ಲ.

ನಮ್ಮ ಮಾವ 6 ತಿಂಗಳಿಗೆ ಅಂತ ಬಂದಿದ್ದಾರೆ. ತೋಟದಲ್ಲೇ ಬೆಳೆದವರು. 5 ಎಕರೆ ಅಂದ ತಕ್ಷಣ ಮುಖ ಅರಳಿತು. "3 ಎಕರೆ ತೆಂಗು, ಮಿಕ್ಕಿದ್ದಕ್ಕೆ ನಿಂಬೆ" ಅಂತ ಊಟದ ಟೇಬಲ್ ಮೇಲೆ ಟಿಶ್ಯೂ ಪೇಪರಲ್ಲಿ ಸಾಲು ಎಳೆದು, 30 ಅಡಿಗೊಂದು ಗಿಡ ಅಂತ ಲೆಕ್ಕ ಹಾಕಿಬಿಟ್ಟಿದ್ದಾರೆ. ಆ ಟಿಶ್ಯೂ ಈಗ ಫ್ರಿಜ್ ಬಾಗಿಲ ಮೇಲಿದೆ. ನನಗೆ ಮಾತ್ರ ಭಯ. ಜಾಹೀರಾತಲ್ಲಿ ನೀರು ಅನ್ನುವ ಕಡೆ "ಬಾವಿ ಕೊರೆಸಬಹುದು ಅಥವಾ ಟ್ಯಾಂಕರಲ್ಲಿ ತರಿಸಬಹುದು" ಅಂತ ಬರೆದಿದ್ದಾರೆ. ಕರೆಂಟು ಕಾಲು ಮೈಲಿ ದೂರದಲ್ಲಿದೆಯಂತೆ. ಅಂಥ ಕಡೆ ಮಕ್ಕಳನ್ನ ಇಟ್ಟುಕೊಂಡು ಇರೋಕಾಗುತ್ತಾ? ಅಲ್ಲಿರುವವರು ದಯವಿಟ್ಟು ಹೇಳಿ.

ಕೋಲಾರದ ಬೋರ್‌ವೆಲ್:
ಅಕ್ಕಾ, ಮೊದಲು ಮಾವನವರಿಗೆ ನಿಧಾನವಾಗಿ ಹೇಳಿ, ಫೀನಿಕ್ಸ್‌ನಲ್ಲಿ ತೆಂಗು ಬರಲ್ಲ. ಬೇಸಿಗೆಯ ಬಿಸಿಲು ಹಾಗೂ ಹೀಗೂ ತಡೆದರೂ ಚಳಿಗಾಲದ ರಾತ್ರಿ ಸುಳಿ ಸುಟ್ಟುಹೋಗುತ್ತದೆ.

ಎರಡನೇದು ಇನ್ನೂ ದೊಡ್ಡದು, ಊರಿಂದ ಬಂದವರಿಗೆ ಇದನ್ನ ನಂಬೋಕೇ ಆಗಲ್ಲ. ಈ ರಾಜ್ಯದಲ್ಲಿ 1980ರಲ್ಲಿ ಅಂತರ್ಜಲದ ಕಾನೂನು ಬಂತು. ಫೀನಿಕ್ಸ್ ಸುತ್ತಮುತ್ತ ದೊಡ್ಡ ಪ್ರದೇಶ ಅದರ ಹಿಡಿತದಲ್ಲಿದೆ, ಟೋನೋಪಾ ಕೂಡ ಅದರಲ್ಲೇ ಬರುತ್ತದೆ. ಆ ಗೆರೆಯೊಳಗೆ ನೆಲದಿಂದ ನೀರೆತ್ತಿ 2 ಎಕರೆ ಅಥವಾ ಅದಕ್ಕಿಂತ ಜಾಸ್ತಿ ಜಾಗದಲ್ಲಿ ಬೆಳೆ ತೆಗೆಯಬೇಕು ಅಂದ್ರೆ ಆ ಜಮೀನಿಗೆ ಹಳೇ ಹಕ್ಕು ಇರಬೇಕು. 1975ರಿಂದ 1980ರ ಒಳಗೆ ಅಲ್ಲಿ ನೀರು ಹಾಯಿಸಿ ಬೇಸಾಯ ಮಾಡಿದ್ದರೆ ಮಾತ್ರ ಆ ಹಕ್ಕು. ಇಲ್ಲದಿದ್ದರೆ ಜಮೀನು ನಿಮ್ಮದೇ, ಬೇಲಿ ನಿಮ್ಮದೇ, ಬೋರ್ ಕೂಡ ನಿಮ್ಮದೇ, ಆದರೆ ತೋಟ ಮಾಡುವಂತಿಲ್ಲ. 2 ಎಕರೆಗಿಂತ ಕಡಿಮೆ ಆದರೆ ತೊಂದರೆ ಇಲ್ಲ.

ಮನೆ ಬಳಕೆಗೆ ನಿಮಿಷಕ್ಕೆ 35 ಗ್ಯಾಲನ್ ಒಳಗಿನ ಪಂಪಾದರೆ ಬೋರ್ ಹಾಕಿಸೋದು ಸುಲಭ. ಕೊರೆಯುವ ಮೊದಲೇ ರಾಜ್ಯದ ಜಲ ಇಲಾಖೆಗೆ ತಿಳಿಸಬೇಕು, ಅಷ್ಟೇ. ಆದರೆ ಎಷ್ಟು ಅಡಿಗೆ ನೀರು ಅನ್ನೋದೇ ಪ್ರಶ್ನೆ. ಅದೇ ಇಲಾಖೆಯ ಬಾವಿ ದಾಖಲೆ ಇದೆ, ವೆಲ್ಸ್ 55 ಅಂತಾರೆ. ಜಾಗದ ಸುತ್ತ ಯಾರು ಯಾವ ವರ್ಷ ಎಷ್ಟು ಆಳ ಕೊರೆಸಿದರು, ಆಗ ನೀರು ಎಷ್ಟು ಅಡಿಗಿತ್ತು ಎಲ್ಲಾ ಸಿಗುತ್ತದೆ. ಕಾಸು ಕೊಡಬೇಕಿಲ್ಲ. 1990ರ ಬಾವಿ, 2020ರ ಬಾವಿ ಪಕ್ಕಪಕ್ಕ ಇಟ್ಟು ನೋಡಿ. ನಮ್ಮೂರಲ್ಲಿ ಅಪ್ಪ ಒಂದೇ ಹೊಲದಲ್ಲಿ 4 ಬೋರ್ ಹಾಕಿಸಿದರು. ಮೊದಲನೇದು 300 ಅಡಿ, ಕೊನೇದು 1,400. ಅದರಲ್ಲಿ ಬಂದಿದ್ದು ಬಿಳಿ ಧೂಳು. ನಾನು ಎಂಜಿನಿಯರಿಂಗ್ ಸೇರಿದ ವರ್ಷ ಅದು. ಆ ಸಾಲ ತೀರಿಸಿದ್ದು ನಾನು ಇಲ್ಲಿಗೆ ಬಂದ ಮೇಲೆ.

ನೀರು ಬಂದರೂ ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಸಬೇಡಿ. ಇಲ್ಲಿ ನೆಲದ ನೀರಲ್ಲಿ ಆರ್ಸೆನಿಕ್ಕೂ ಇರುತ್ತದೆ, ಫ್ಲೋರೈಡೂ ಇರುತ್ತದೆ. ಸ್ವಂತ ಬಾವಿ ನೀರನ್ನ ಯಾವ ಸರ್ಕಾರಿ ಆಫೀಸಿನವರೂ ಬಂದು ನೋಡಲ್ಲ. ಫ್ಲೋರೈಡ್ ಅಂದ್ರೆ ಏನು ಅಂತ ಕೋಲಾರದವರಿಗೆ ಹೇಳಿಕೊಡಬೇಕಾ.

ಹಳೇ ಮೈಸೂರಿನವ:
1998ರಿಂದ ಈ ದೇಶದಲ್ಲಿದ್ದೇನೆ, ಅದರಲ್ಲಿ 17 ವರ್ಷ ಇಲ್ಲೇ ಫೀನಿಕ್ಸ್ ಕಡೆ. ನೀರು, ಕರೆಂಟು, ಬೋರು ಎಲ್ಲಾ ಆಮೇಲೆ. ತಂಗೀ, ಮಕ್ಕಳನ್ನ ಜನ ಇಲ್ಲದ ಕಡೆ ಕರೆದುಕೊಂಡು ಹೋಗಬೇಡಮ್ಮ. ಇಷ್ಟೇ ನನ್ನ ಮಾತು. ನಾನು ಆ ತಪ್ಪು ಮಾಡಿದೆ. ದೊಡ್ಡ ಮನೆ, ಕಡಿಮೆ ಬೆಲೆ ಅಂತ ಊರಾಚೆ ಹೋದೆ. ಕನ್ನಡ ಶಾಲೆಗೆ ಭಾನುವಾರ ಒಂದು ಗಂಟೆ ಡ್ರೈವ್. ಮೊದಲ ವರ್ಷ ಕರೆದುಕೊಂಡು ಹೋದೆವು, ಎರಡನೇ ವರ್ಷ ತಿಂಗಳಿಗೆ ಎರಡು ಸಲ, ಆಮೇಲೆ ಸಾಕರ್ ಬಂತು. ಈಗ ಮಗನಿಗೆ 24. ನಮ್ಮಮ್ಮ ವಿಡಿಯೋ ಕಾಲಲ್ಲಿ "ಊಟ ಆಯ್ತಾ ಪುಟ್ಟಾ" ಅಂದರೆ ನನ್ನ ಮುಖ ನೋಡುತ್ತಾನೆ. ಅರ್ಥ ಆಗುತ್ತೆ, ಉತ್ತರ ಕೊಡೋಕೆ ಬರಲ್ಲ. ಜಾಗ ಯಾವತ್ತು ಬೇಕಾದರೂ ಸಿಗುತ್ತೆ. ಚಾಂಡ್ಲರಲ್ಲಿ ಎರಡು ಬೆಡ್‌ರೂಂ ಅಪಾರ್ಟ್‌ಮೆಂಟಾದರೂ ಸರಿ, ನಮ್ಮವರ ಮಧ್ಯೆ ಇರಿ.

ಧಾರವಾಡ ಪೇಡೆ:
ಏನ್ ಸರ್, ಅಪಾರ್ಟ್‌ಮೆಂಟಲ್ಲಿ ಇದ್ದ ಮಕ್ಕಳೆಲ್ಲ ವಚನ ಹೇಳುತ್ತಾರಾ? ನಾವು ಟೆಕ್ಸಸ್‌ನಲ್ಲಿ 11 ಎಕರೆಯಲ್ಲಿದ್ದೇವೆ, ಹತ್ತಿರದ ಕನ್ನಡದವರ ಮನೆ 70 ಮೈಲಿ. ನಮ್ಮ ಇಬ್ಬರೂ ಹುಡುಗಿಯರು ಮೇಕೆಗಳ ಹತ್ತಿರ ಕೂಡ ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮ ಯಾವ ಭಾಷೆಯಲ್ಲಿ ಜಗಳ ಆಡುತ್ತಾರೋ ಅದೇ ಮಕ್ಕಳಿಗೆ ಬರುತ್ತೆ ನೋಡ್ರಿ.

ಬೆಣ್ಣೆದೋಸೆ:
ಫಾಲೋಯಿಂಗ್.

ಹಳೇ ಮೈಸೂರಿನವ:
ಟೆಕ್ಸಸ್ ಬೇರೆ. ಅಲ್ಲಿ ಮಳೆ ಆಗುತ್ತೆ. ಅದೂ ಅಲ್ಲದೆ ನಾನು ಭಾಷೆ ಒಂದರ ಬಗ್ಗೆ ಹೇಳಲಿಲ್ಲ. 2023ರಲ್ಲಿ ಇಲ್ಲಿ ಸತತ 31 ದಿನ 110 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇತ್ತು, ಸೆಲ್ಸಿಯಸ್‌ನಲ್ಲಿ 43. ಅಂಥ ದಿನ ಏಸಿ ಕೆಟ್ಟರೆ ಪಕ್ಕದ ಮನೆಗೆ ಹೋಗಿ ಕೂರಬೇಕು. ಪಕ್ಕದ ಮನೆಯೇ ಇಲ್ಲದಿದ್ದರೆ?

ಮರಳುಗಾಡಿನ ಮಲೆನಾಡಿನವಳು:
ನಾವು ಫೀನಿಕ್ಸ್ ಆಚೆ ವಿಟ್‌ಮನ್ ಹತ್ತಿರ 2 ಎಕರೆಯಲ್ಲಿ 6 ವರ್ಷದಿಂದ ಇದ್ದೇವೆ, ಟ್ಯಾಂಕರ್ ನೀರು. ಬೇಡ ಅಂತ ಹೇಳಲ್ಲ, ಬನ್ನಿ ಅಂತಲೂ ಹೇಳಲ್ಲ. ನಮ್ಮ ವಾರ ಹೇಗಿರುತ್ತೆ ಅಂತ ಮಾತ್ರ ಹೇಳುತ್ತೇನೆ.

ಶನಿವಾರ ಬೆಳಿಗ್ಗೆ 5 ಗಂಟೆಗೆ ಇವರು ಟ್ರೈಲರ್ ಮೇಲೆ 500 ಗ್ಯಾಲನ್ ಟ್ಯಾಂಕ್ ಕಟ್ಟಿಕೊಂಡು ನೀರು ತುಂಬಿಸುವ ಜಾಗಕ್ಕೆ ಹೋಗುತ್ತಾರೆ. ಬೇಗ ಹೋಗದಿದ್ದರೆ ಕ್ಯೂ. ತುಂಬಿದರೆ ಅದು ಹತ್ತಿರ ಹತ್ತಿರ 1,900 ಕೆಜಿ. ಬ್ರೇಕ್ ಹಾಕಿದಾಗ ನೀರು ಹಿಂದಿನಿಂದ ಗಾಡಿಯನ್ನ ತಳ್ಳುತ್ತದೆ, ಮೊದಲ ಸಲ ನನಗೆ ಜೀವ ಬಾಯಿಗೆ ಬಂದಿತ್ತು. ಮನೆಗೆ ಬಂದು ದೊಡ್ಡ ಟ್ಯಾಂಕಿಗೆ ಇಳಿಸಿ ಮತ್ತೆ ಹೋಗಬೇಕು. ಬಟ್ಟೆ ಒಗೆದ ನೀರು ನಿಂಬೆ ಗಿಡಕ್ಕೆ. ಅಕ್ಕಿ ತೊಳೆದ ನೀರು ಕರಿಬೇವಿಗೆ. ನಾನು ತೀರ್ಥಹಳ್ಳಿ ಕಡೆಯವಳು, ಮಳೆ ನಿಂತರೆ ಸಾಕಪ್ಪಾ ಅಂತ ಬೆಳೆದವಳು, ಈಗ ಲೋಟದಲ್ಲಿ ಮಿಕ್ಕ ನೀರನ್ನ ಸಿಂಕಿಗೆ ಚೆಲ್ಲಿದರೆ ಮಗ ಬೈಯುತ್ತಾನೆ.

ಟ್ಯಾಂಕರ್ ನಂಬೋರು ಇದನ್ನೂ ತಿಳಿದಿರಿ. ರಿಯೊ ವರ್ಡೆ ಫುಟ್‌ಹಿಲ್ಸ್ ಅಂತ ಸ್ಕಾಟ್ಸ್‌ಡೇಲ್ ಪಕ್ಕದ ಬಡಾವಣೆ, ಅದು ನಗರದ ಗಡಿಯ ಹೊರಗೆ. ಅಲ್ಲಿನ ನೂರಾರು ಮನೆಗಳಿಗೆ ನಗರದ ನೀರೇ ಟ್ಯಾಂಕರಲ್ಲಿ ಹೋಗುತ್ತಿತ್ತು. 2023ರ ಜನವರಿ 1ಕ್ಕೆ ನಗರದವರು ನಮ್ಮ ಜನಕ್ಕೇ ನೀರು ಸಾಲದು ಅಂತ ಅದನ್ನ ನಿಲ್ಲಿಸಿದರು. ಅವೇನು ಬಡವರ ಮನೆಗಳಲ್ಲ.

ಇನ್ನು ನೆಲ. ನೋಡೋಕೆ ಮರಳು, ಒಂದಡಿ ಅಗೆದರೆ ಕಲೀಚಿ ಅಂತ ಸುಣ್ಣದ ಗಟ್ಟಿ ಪದರ. ಒಂದು ನುಗ್ಗೆ ಗಿಡದ ಗುಂಡಿಗೆ ಹಾರೆ ಹಾಕಿದರೆ ಕಿಡಿ ಹಾರಿತು. ಶೌಚದ ಗುಂಡಿಗೂ ಇದೇ ಪಾಡು. ಇಲ್ಲಿ ನೀರು ಇಂಗುತ್ತಾ ಅಂತ ಮೊದಲು ಪರೀಕ್ಷೆ ಮಾಡಿಸಬೇಕು. ಇಂಗದಿದ್ದರೆ ಮಾಮೂಲಿ ಸೆಪ್ಟಿಕ್ ಟ್ಯಾಂಕ್ ಆಗಲ್ಲ, ಬೇರೆ ವ್ಯವಸ್ಥೆಗೆ ದುಡ್ಡು ಸುರಿಯಬೇಕು. ಜುಲೈನಲ್ಲಿ ಮಾನ್ಸೂನ್ ಬಂದಾಗ ಒಣ ಹಳ್ಳ ಹತ್ತೇ ನಿಮಿಷದಲ್ಲಿ ತುಂಬುತ್ತದೆ. ನಮ್ಮ ದಾರಿಗೆ ಅಂಥ ಹಳ್ಳ ಎರಡು. ಒಂದು ಸಂಜೆ ಶಾಲೆ ಬಸ್ಸು ಆಚೆ ದಡದಲ್ಲಿ, ನಾನು ಈಚೆ ದಡದಲ್ಲಿ, ಮಗ ಕಿಟಕಿಯಿಂದ ಕೈ ಆಡಿಸುತ್ತಿದ್ದಾನೆ. ಒಂದೂವರೆ ಗಂಟೆ ಹಾಗೇ ನಿಂತಿದ್ದೆವು.

ಚೇಳಿಗೆ ಹೆದರಬೇಡಿ. ಯುವಿ (ನೇರಳಾತೀತ) ಟಾರ್ಚು ಬಿಟ್ಟರೆ ಹಸಿರಾಗಿ ಹೊಳೆಯುತ್ತವೆ. ಹಾಕುವ ಮುಂಚೆ ಮಕ್ಕಳ ಶೂ ಕೊಡವುವುದು ಅಭ್ಯಾಸ ಆಗುತ್ತೆ. ಧೂಳಿಗೆ ಹೆದರಿ. ಮಣ್ಣಿನ ಶಿಲೀಂಧ್ರದಿಂದ ವ್ಯಾಲಿ ಫೀವರ್ ಬರುತ್ತದೆ. ನನಗೆ ಎರಡು ತಿಂಗಳು ಕೆಮ್ಮು ಹೋಗಲಿಲ್ಲ, ಮೊದಲು ತೋರಿಸಿದ ಕಡೆ ಅಲರ್ಜಿ ಅಂದರು. ವ್ಯಾಲಿ ಫೀವರ್ ಟೆಸ್ಟ್ ಮಾಡಿ ಅಂತ ನೀವಾಗಿ ಕೇಳಿ.

ಇಷ್ಟೆಲ್ಲ ಹೇಳಿದೆ, ಆದರೂ ರಾತ್ರಿ ಅಂಗಳದಲ್ಲಿ ಮಂಚ ಹಾಕಿ ಮಲಗಿದರೆ ನಕ್ಷತ್ರ ನೋಡಿಕೊಂಡು ಮಾತಾಡದೆ ಇದ್ದುಬಿಡುತ್ತೇವೆ.

ಹಳೇ ಮೈಸೂರಿನವ:
ನಕ್ಷತ್ರ ನೋಡೋಕೆ ವೀಕೆಂಡ್ ಹೋಗಿ ಬನ್ನಿ.

ದುಬೈ ಮಂಗಳೂರು:
ನಿಮ್ಮ ಜಗಳ ಓದಿ ನಗು ಬಂತು ಮಾರಾಯ್ರೇ. ನಾವು 19 ವರ್ಷದಿಂದ ಮರಳುಗಾಡಿನಲ್ಲೇ ಇದ್ದೇವೆ, ಬಾಲ್ಕನಿಯ ತುಳಸಿ ಕುಂಡದ ಮಣ್ಣು ಬಿಟ್ಟರೆ ಬೇರೆ ನೆಲ ನಮ್ಮದಲ್ಲ. ಕೆಲಸ ಹೋದರೆ ವೀಸಾ ಹೋಯಿತು. ಮಗಳು ಇಲ್ಲೇ ಹುಟ್ಟಿದವಳು, ನಿನ್ನ ಊರು ಯಾವುದು ಅಂತ ಕೇಳಿದರೆ ಮೊದಲು ಕಟ್ಟಡದ ಹೆಸರು ಹೇಳುತ್ತಾಳೆ. 5 ಎಕರೆ ಅಂತೆ! ತಗೊಳ್ಳಿ ತಂಗಿ, ಒಂದು ಕಲ್ಲು ನೆಟ್ಟು ನಮ್ಮದು ಅನ್ನಿ.

ಪಾವಗಡದ ಲಾಯರ್ ಅಲ್ಲ:
ತಿಪಟೂರು ಅವ್ರೇ, ಕಾಗದದ ವಿಷಯ ಯಾರೂ ಹೇಳಲಿಲ್ಲ. ಅರಿಜೋನಾದಲ್ಲಿ ದೊಡ್ಡ ಜಾಗವನ್ನ 5 ಅಥವಾ ಕಡಿಮೆ ತುಂಡು ಮಾಡಿ ಮಾರಿದರೆ ಅದು ಬಡಾವಣೆ ಅಂತ ಲೆಕ್ಕಕ್ಕೆ ಬರಲ್ಲ. ಅಂದ್ರೆ 100 ವರ್ಷಕ್ಕೆ ನೀರಿದೆ ಅಂತ ತೋರಿಸುವ ನಿಯಮ ಅದಕ್ಕಿಲ್ಲ. ಅಗ್ಗದ ಜಾಗ ಅಗ್ಗ ಆಗಿರೋದು ಬಹಳ ಸಲ ಇದಕ್ಕೇ. ಆದರೆ ಕೌಂಟಿ ಜಾಗವನ್ನ, ಅಂದ್ರೆ ಯಾವ ನಗರದ ಗಡಿಯೊಳಗೂ ಬರದ ಜಾಗವನ್ನ, ಹೀಗೆ ಮಾರುವವನು ಅಫಿಡವಿಟ್ ಆಫ್ ಡಿಸ್‌ಕ್ಲೋಷರ್ ಅಂತ ಒಂದು ಕಾಗದ ಕೊಡಲೇಬೇಕು. ದಾರಿಯ ಹಕ್ಕು ಇದೆಯಾ, ನೀರು ಎಲ್ಲಿಂದ, ಪ್ರವಾಹ ಬರುವ ಪ್ರದೇಶದಲ್ಲಿದೆಯಾ, ಎಲ್ಲಾ ಅದರಲ್ಲಿ ಬರೆದು ಸಹಿ ಹಾಕಬೇಕು. ಅದನ್ನ ಕೇಳಿ. ಕಾರು ಹೋಗುತ್ತೆ ಅಂದ ಮಾತ್ರಕ್ಕೆ ದಾರಿ ನಿಮ್ಮದಲ್ಲ, ಪಕ್ಕದವನು ಗೇಟು ಹಾಕಿದರೆ ಮುಗೀತು. ಮಾಲೀಕನ ಕಂತು ಅಂದಿರಿ, ಆ ಕರಾರನ್ನ ವಕೀಲರಿಗೆ ತೋರಿಸಿ. ಕೆಲವದರಲ್ಲಿ ಕೊನೇ ಕಂತಿನವರೆಗೂ ಪತ್ರ ನಿಮ್ಮ ಹೆಸರಿಗೆ ಬರಲ್ಲ, ನಡುವೆ ಕಂತು ತಪ್ಪಿದರೆ ಕಟ್ಟಿದ್ದೂ ಹೋಗಬಹುದು. ಟೈಟಲ್ ಇನ್ಶುರೆನ್ಸ್ (ಜಾಗದ ಒಡೆತನದ ವಿಮೆ) ಇಲ್ಲದೆ ಒಂದು ಡಾಲರೂ ಕೊಡಬೇಡಿ.

ಹಳೇ ಮೈಸೂರಿನವ:
ದುಬೈ ಅವರು ಕಲ್ಲು ನೆಡಿ ಅಂದರು. ನಮ್ಮಪ್ಪ ಮೈಸೂರಲ್ಲಿ ಒಂದು ಸೈಟಿಗೆ ಕಲ್ಲು ನೆಟ್ಟಿದ್ದರು. 30-40. ನಾನು ಇಲ್ಲಿ ದೊಡ್ಡ ಮನೆಗೆ ಮುಂಗಡ ಕೊಡಬೇಕು ಅಂತ ಅದನ್ನ ಮಾರಿಸಿದೆ. ಅಪ್ಪ ಏನೂ ಅನ್ನಲಿಲ್ಲ, ಸಹಿ ಹಾಕಿ ಪೆನ್ನು ಜೇಬಿಗೆ ಇಟ್ಟುಕೊಂಡರು. ಈಗ ಇಲ್ಲಿ ಮನೆಯಲ್ಲಿ ನಾನೂ ನಮ್ಮವಳೂ ಇಬ್ಬರೇ, 5 ಬೆಡ್‌ರೂಂ. ಅದಕ್ಕೇ ಹೇಳೋದು.

ಧಾರವಾಡ ಪೇಡೆ:
ಸರ್, ನಿಮ್ಮ ಬೇಜಾರು ಅರ್ಥ ಆಗುತ್ತೆ. ಆದರೆ ಅವರು ಕೇಳಿದ್ದು ಟೋನೋಪಾ ಬಗ್ಗೆ.

ಬೆಣ್ಣೆದೋಸೆ:
ಚಾಂಡ್ಲರಲ್ಲಿ ಒಳ್ಳೇ ಡೇಕೇರ್ ಯಾವುದು? ಇದೇ ಥ್ರೆಡ್‌ನಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ.

ತಿಪಟೂರು ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಹೋದ ವಾರ ಮನೆ ನೋಡೋಕೆ ಅಂತ ಹೋಗಿದ್ದೆವು, ಟೋನೋಪಾಗೂ ಹೋಗಿ ಬಂದೆವು. ಮಾವನೂ ಬಂದಿದ್ದರು. ಜಾಗಕ್ಕೆ ಹೋದ ತಕ್ಷಣ ಬಗ್ಗಿ ಮಣ್ಣು ಹಿಡಿದು ನೋಡಿದರು, ಏನೂ ಹೇಳಲಿಲ್ಲ. ಯಾರದೋ ಎರಡು ದನ ಜಾಗದೊಳಗೇ ನಿಂತಿದ್ದವು. ಓಡಿಸೋಕೆ ಹೋದರೆ, ಇಲ್ಲಿ ದನ ಬಾರದಂತೆ ಬೇಲಿ ಹಾಕಿಕೊಳ್ಳಬೇಕಾದವರು ಜಾಗದವರೇ ಅಂತ ಮಾರುವವನು ನಕ್ಕ. ಆಮೇಲೆ ಮಾವ ಸುತ್ತ ಒಂದು ರೌಂಡು ನಡೆದು ಬಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ನಾಲ್ಕು ಮನೆ ನೋಡಿದೆ ಕಣಮ್ಮ. ನಾಲ್ಕರ ಮುಂದೂ ಕಪ್ಪು ಟ್ಯಾಂಕ್ ಇದೆ. ಒಂದು ಕಡೆಯೂ ಮೋಟರ್ ಸದ್ದಿಲ್ಲ."

ಪಾವಗಡದವರು ಹೇಳಿದ ಅಫಿಡವಿಟ್ ಕೇಳಿದೆ. ಕಳಿಸುತ್ತೇನೆ ಅಂದವನು 8 ದಿನ ಆದರೂ ಕಳಿಸಿಲ್ಲ. ವೆಲ್ಸ್ 55ನಲ್ಲಿ ಹುಡುಕಿದೆ, ಒಂದು ಮೈಲಿಯೊಳಗಿನ ಹಳೇ ಬಾವಿಗೂ ಹೊಸ ಬಾವಿಗೂ ತುಂಬಾ ವ್ಯತ್ಯಾಸ ಇದೆ, ಕೋಲಾರದ ಅಣ್ಣನಿಗೆ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಸದ್ಯ ಒಂದು ವರ್ಷ ಪಿಯೋರಿಯಾದಲ್ಲಿ ಬಾಡಿಗೆಗೆ ಇರುತ್ತೇವೆ. ಒಂದು ಬೇಸಿಗೆ ನೋಡಿ ಆಮೇಲೆ ಯೋಚನೆ. ಇವರಿಗೆ ಇನ್ನೂ ಆಸೆ ಹೋಗಿಲ್ಲ.

ಹಳೇ ಮೈಸೂರಿನವ:
ಪಿಯೋರಿಯಾ ಯಾಕೆ, ಚಾಂಡ್ಲರಿಗೆ ಬರಬಹುದಿತ್ತು. ಇರಲಿ. ಭಾನುವಾರ ಪಾಟ್‌ಲಕ್‌ಗೆ ಮಾವನವರನ್ನ ಕರೆದುಕೊಂಡು ಬನ್ನಿ, ನಮ್ಮವಳು ಹುಳಿಯವಲಕ್ಕಿ ಮಾಡುತ್ತಾಳೆ.

ಮರಳುಗಾಡಿನ ಮಲೆನಾಡಿನವಳು:
ಮಾವನವರಿಗೆ ಒಂದು ನುಗ್ಗೆ ಸಸಿ ಎತ್ತಿಟ್ಟಿರುತ್ತೇನೆ. ತೆಂಗಿನ ಹಾಗಲ್ಲ, ಇದು ಇಲ್ಲಿ ಬರುತ್ತೆ. ಬಾಡಿಗೆ ಮನೆ ಅಂದ್ರೆ ದೊಡ್ಡ ಕುಂಡದಲ್ಲಿಡಿ, ಆಮೇಲೆ ಎಲ್ಲಿಗೆ ಬೇಕಾದರೂ ತಗೊಂಡು ಹೋಗಬಹುದು.